ಷರಾ: ಸುಸ್ಥಿತಿಯಲ್ಲಿದೆ

ಪ್ರತಿ ವರ್ಷ ನವೆಂಬರ್ 14ರಂದು ನಮ್ಮಲ್ಲಿ ಎರಡು ಉತ್ಸವಗಳು ಒಟ್ಟಿಗೇ ಆರಂಭವಾಗುತ್ತವೆ. ಒಂದು ಮಕ್ಕಳ ದಿನಾಚರಣೆ, ಇನ್ನೊಂದು ರಾಷ್ಟ್ರೀಯ ಗ್ರಂಥಾಲಯ ಸಪ್ತಾಹ. ಪಂಚಾಂಗದಲ್ಲೇ ಇಂಥದೊಂದು ಯೋಗ ಕೂಡಿಬಂದಿರುವಾಗ ಆ ಒಂದು ವಾರವಾದರೂ ಮಕ್ಕಳಿಗೂ ಪುಸ್ತಕಗಳಿಗೂ ಭೇಟಿಯಾದೀತೆಂದು ಯಾರಾದರೂ ಆಶಿಸಿದರೆ, ಅವರು ನಮ್ಮ ಆಡಳಿತದ ಮುಂಜಾಗ್ರತೆಯನ್ನು ಅರಿಯದವರೆಂದೇ ಹೇಳಬೇಕು. ಮಕ್ಕಳು ಅಂಗಳದ ಬಿಸಿಲಿನಲ್ಲಿ ಸಾಲಾಗಿ ಕುಳಿತು ಓದಿನ ಮಹತ್ವವನ್ನು ಕುರಿತ ಭಾಷಣವನ್ನು ಕೇಳುತ್ತಾರೆ. ಪುಸ್ತಕಗಳು ಒಳಗಿನ ನೆರಳಿನಲ್ಲಿ ಸಾಲಾಗಿ ನಿಂತು ಅದೇ ಭಾಷಣವನ್ನು ಕೇಳುತ್ತವೆ. ನಡುವೆ ಒಂದು ಬೀಗ ತೂಗುತ್ತಿರುತ್ತದೆ.

ನಾನು ಮಕ್ಕಳಿಗಾಗಿ ಬರೆಯುವವನಾದ್ದರಿಂದ ವರ್ಷದ ಹನ್ನೊಂದು ತಿಂಗಳು ನನ್ನನ್ನು ಯಾರೂ ಕರೆಯುವುದಿಲ್ಲ, ನವೆಂಬರಿನಲ್ಲಿ ಮಾತ್ರ ಪುರುಸೊತ್ತಿರುವುದಿಲ್ಲ. ಹೀಗೆ ಒಂದು ನವೆಂಬರಿನಲ್ಲಿ ಮುಖ್ಯ ಅತಿಥಿಯಾಗಿ ಹೋದ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ, ಅತ್ಯಂತ ಸಜ್ಜನರಾದ ಮುಖ್ಯೋಪಾಧ್ಯಾಯರು ಸಭೆಗೆ ಮುನ್ನ ತಮ್ಮ ಗ್ರಂಥಾಲಯವನ್ನು ತೋರಿಸಲು ನನ್ನನ್ನು ಕರೆದೊಯ್ದರು. ಕರೆದೊಯ್ದರು ಎನ್ನುವುದು ಗೌರವದ ಮಾತು. ವಾಸ್ತವದಲ್ಲಿ ಅವರು ತಮ್ಮ ಕುರ್ಚಿಯನ್ನು ಪಕ್ಕಕ್ಕೆ ಸರಿಸಿದರು, ಅಷ್ಟೆ. ಕುರ್ಚಿಯ ಹಿಂದೆ ಹಸಿರು ಬಣ್ಣದ ಉಕ್ಕಿನ ಬೀರು, ಅದರ ತಲೆಯ ಮೇಲೆ ಸುರುಳಿ ಸುತ್ತಿದ ಭೂಪಟಗಳು, ಕಳೆದ ಸರಸ್ವತಿ ಪೂಜೆಯ ಥರ್ಮಾಕೋಲ್ ಮಂಟಪ, ಹೊಟ್ಟೆ ಕುಸಿದ ಒಂದು ಗ್ಲೋಬು. ಬೀರುವಿನ ಹಣೆಯ ಮೇಲೆ ಬಿಳಿಯ ಬಣ್ಣದಲ್ಲಿ ‘ಗ್ರಂಥಾಲಯ’ ಎಂದು ದುಂಡಗೆ ಬರೆಸಿದ್ದರು.

ಇದರಲ್ಲಿ ಕಾನೂನಿನ ಉಲ್ಲಂಘನೆಯೇನೂ ಇರಲಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯು ಪ್ರತಿಯೊಂದು ಶಾಲೆಯಲ್ಲೂ ವೃತ್ತಪತ್ರಿಕೆ, ನಿಯತಕಾಲಿಕೆ ಮತ್ತು ಕತೆಪುಸ್ತಕಗಳೂ ಸೇರಿದಂತೆ ಎಲ್ಲ ವಿಷಯಗಳ ಪುಸ್ತಕಗಳನ್ನು ಒದಗಿಸುವ ಗ್ರಂಥಾಲಯವಿರತಕ್ಕದ್ದೆಂದು ವಿಧಿಸುತ್ತದೆ. ಒದಗಿಸುವುದು ಯಾರಿಗೆ ಎಂಬುದನ್ನು ಅದು ಆ ಸಾಲಿನಲ್ಲಿ ಬಿಡಿಸಿ ಹೇಳದಿರುವುದರಿಂದ, ಲೆಕ್ಕಪರಿಶೋಧಕರಿಗೆ ಎಂದು ಶಾಲೆಗಳು ಅರ್ಥ ಮಾಡಿಕೊಂಡಿದ್ದರೆ ತಪ್ಪು ಹೇಳಲಾಗದು.

ಮುಖ್ಯೋಪಾಧ್ಯಾಯರು ಜೇಬಿನಿಂದ ಮನೆಯ ಕೀಲಿಕೈಗಳ ಗೊಂಚಲನ್ನೇ ತೆಗೆದು, ಅದರಲ್ಲಿದ್ದ ಅತಿ ಚಿಕ್ಕ ಕೈಯಿಂದ ಬೀರುವನ್ನು ತೆರೆದಾಗ ನುಸಿಗುಳಿಗೆಯ ವಾಸನೆ ಕೋಣೆಯನ್ನೆಲ್ಲ ತುಂಬಿತು. ಒಂದು ಪುಸ್ತಕವನ್ನು ಕೈಗೆತ್ತಿಕೊಂಡು ಬಿಡಿಸಿದೆ. ಅದರ ಬೆನ್ನು ಲಟಕ್ಕೆಂದಿತು. ಮುದ್ರಣಾಲಯದವರು ಸರಿಯಾಗಿ ಕತ್ತರಿಸದ ಎರಡು ಹಾಳೆಗಳು ನೆತ್ತಿಯಲ್ಲಿ ಇನ್ನೂ ಅಂಟಿಕೊಂಡೇ ಇದ್ದವು. ಒಳಪುಟದ ಮೊಹರಿನಲ್ಲಿ 2011 ಎಂದಿತ್ತು. ಆ ಪುಸ್ತಕ ಶಾಲೆಗೆ ಬಂದ ವರ್ಷ ಐದನೆಯ ತರಗತಿಯಲ್ಲಿದ್ದ ಮಕ್ಕಳು ಈಗಾಗಲೇ ಮತ ಹಾಕಿ, ತಾವು ಹಾಕಿದ ಮತಕ್ಕೆ ಪಶ್ಚಾತ್ತಾಪವನ್ನೂ ಪಟ್ಟಿರಬೇಕು.

“ಎಲ್ಲಾ ಹೊಸದರ ಹಾಗೇ ಇವೆ, ನೋಡಿ ಸಾರ್,” ಎಂದು ಅವರು ಹೆಮ್ಮೆಯಿಂದ ದಾಸ್ತಾನು ವಹಿಯನ್ನು ನನ್ನ ಮುಂದಿಟ್ಟರು. ಕ್ರಮಸಂಖ್ಯೆ, ಪುಸ್ತಕದ ಹೆಸರು, ಬೆಲೆ, ಷರಾ ಎಂದು ನಾಲ್ಕು ಅಂಕಣಗಳು. ಓದಿದವರ ಹೆಸರಿಗೆ ಅಂಕಣವಿರಲಿಲ್ಲ. ಕಾಗದ ವ್ಯರ್ಥವಾಗಬಾರದೆಂದು ಗೆರೆ ಹಾಕಿದವರೇ ಮುಂದಾಲೋಚಿಸಿದ್ದಿರಬೇಕು. ಮೊದಲನೆಯ ಪುಸ್ತಕದೆದುರು ‘ಸುಸ್ಥಿತಿಯಲ್ಲಿದೆ’ ಎಂಬ ಷರಾ, ಅಲ್ಲಿಂದಾಚೆ 212ರವರೆಗೆ ಇರುವೆಗಳ ಸಾಲಿನಂತೆ ‘ಅದೇ’ ಎಂಬುದರ ಎರಡೆರಡು ಚುಕ್ಕೆಗೆರೆಗಳು. ಒಂದೇ ಒಂದು ಸಾಲಿನಲ್ಲಿ ಮಾತ್ರ ಕೆಂಪು ಶಾಯಿ ಕಂಡಿತು. ಅದರ ವಿಷಯವನ್ನು ಆಮೇಲೆ ಹೇಳುತ್ತೇನೆ.

ಮಕ್ಕಳಿಗೆ ಇವನ್ನು ಕೊಡುವುದಿಲ್ಲವೇ ಎಂದು ನಾನು ಕೇಳಿದ ಅಸಂಬದ್ಧ ಪ್ರಶ್ನೆಗೆ ಅವರು ಸಮಾಧಾನದಿಂದಲೇ ಉತ್ತರಿಸಿದರು: “ಕೊಟ್ಟರೆ ಹರೀತಾರೆ ಸಾರ್. ಹರಿದರೆ ನಾನು ಉತ್ತರ ಕೊಡಬೇಕು. ಓದದೇ ಇದ್ದರೆ ಯಾರೂ ಏನೂ ಕೇಳಲ್ಲ.”

ನಮ್ಮ ಬಾಲಸಾಹಿತ್ಯದ ಸ್ಥಿತಿಗತಿಯನ್ನು ಕುರಿತು ನಾನು ಕೇಳಿರುವ ಎಷ್ಟೋ ವಿಚಾರಸಂಕಿರಣಗಳ ಸಾರವನ್ನು ಈ ಮೂರು ವಾಕ್ಯಗಳಿಗೆ ಹೋಲಿಸಿದರೆ ಸಂಕಿರಣಗಳೇ ತೆಳ್ಳಗೆ ಕಾಣುತ್ತವೆ. ಪುಸ್ತಕ ಕಳೆದರೆ ವಸೂಲಾತಿಯಿದೆ, ವರ್ಗಾವಣೆಯಾದಾಗ ಪ್ರಭಾರ ಪಟ್ಟಿ ತಾಳೆಯಾಗಬೇಕಾಗುತ್ತದೆ, ನಿವೃತ್ತಿಯ ಹೊತ್ತಿಗೆ ಬೇಬಾಕಿ ಪ್ರಮಾಣಪತ್ರ ಸಿಗದೆ ಪಿಂಚಣಿಯ ಕಡತ ಮೇಜಿನಿಂದ ಮೇಜಿಗೆ ಅಲೆಯಬಹುದಾದ ಭಯವಿದೆ. ಪುಸ್ತಕ ಹದಿಮೂರು ವರ್ಷ ಬಿಡಿಸದೆ ಉಳಿದರೆ ಅದಕ್ಕೊಂದು ಕಾರಣ ಕೇಳುವ ನೋಟೀಸು ಬಂದ ನಿದರ್ಶನ ನನ್ನ ಕಿವಿಗೆ ಬಿದ್ದಿಲ್ಲ. ಇಂಥಲ್ಲಿ ಬೀರುವಿಗೆ ಬೀಗ ಹಾಕದ ಮುಖ್ಯೋಪಾಧ್ಯಾಯರೇ ಯಾರಾದರೂ ಇದ್ದರೆ ಅವರು ಮಕ್ಕಳೊಂದಿಗರಲ್ಲ, ಅಥವಾ ಮಕ್ಕಳನ್ನು ವಿಪರೀತ ಪ್ರೀತಿಸುವವರು.

ಭಾರತೀಯ ಗ್ರಂಥಾಲಯ ವಿಜ್ಞಾನದ ಪಿತಾಮಹರೆನಿಸಿದ, ಕೊನೆಯ ವರ್ಷಗಳನ್ನು ನಮ್ಮ ಬೆಂಗಳೂರಿನಲ್ಲೇ ಕಳೆದು 1972ರಲ್ಲಿ ಇಲ್ಲಿಯೇ ತೀರಿಕೊಂಡ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಐದು ಸೂತ್ರಗಳನ್ನು ಹೇಳಿದರು. ಅವುಗಳಲ್ಲಿ ಮೊದಲನೆಯದು, ಪುಸ್ತಕಗಳಿರುವುದು ಬಳಕೆಗೆ ಎಂಬುದು. ಒಂದು ಕಾಲದಲ್ಲಿ ಯೂರೋಪಿನ ಗ್ರಂಥಾಲಯಗಳಲ್ಲಿ ಪುಸ್ತಕಗಳನ್ನು ಸರಪಳಿಯಿಂದ ಕಪಾಟಿಗೆ ಬಿಗಿದಿಡುತ್ತಿದ್ದರೆಂಬುದನ್ನೂ ಅವರು ಆ ಸಂದರ್ಭದಲ್ಲಿ ನೆನೆಯುತ್ತಾರೆ. ಆದರೆ ಆ ಸರಪಳಿಯ ವ್ಯವಸ್ಥೆಯಲ್ಲೊಂದು ದೊಡ್ಡ ಲೋಪವಿತ್ತು: ಓದುಗನು ಕಪಾಟಿನ ಬಳಿಗೇ ಹೋಗಿ ನಿಂತು, ಸರಪಳಿ ಎಟುಕುವಷ್ಟರಲ್ಲಿ ಪುಸ್ತಕವನ್ನು ಬಿಡಿಸಿ ಓದಿಬಿಡಬಹುದಿತ್ತು. ನಾವು ಆ ಲೋಪವನ್ನು ಸರಿಪಡಿಸಿ, ಆಗಸ್ಟ್ 12ರಂದು ರಂಗನಾಥನ್ ಅವರ ಭಾವಚಿತ್ರಕ್ಕೆ ಮಾಲೆ ಹಾಕುತ್ತೇವೆ.

ತಪ್ಪನ್ನೆಲ್ಲ ಬೀಗದ ಮೇಲೆ ಹೊರಿಸಿ ನಾನು ಜಾರಿಕೊಳ್ಳಬಾರದು. ಬೀರು ತೆರೆದೇ ಇದ್ದರೂ ಒಳಗಿರುವುದು ನಾವು ಬರೆದದ್ದೇ ತಾನೆ. ಕನ್ನಡದಲ್ಲಿ ಮಕ್ಕಳ ಪುಸ್ತಕವನ್ನು ಕೊಳ್ಳುವವರು ಮಕ್ಕಳಲ್ಲ. ಮಕ್ಕಳ ಹತ್ತಿರ ದುಡ್ಡಿಲ್ಲ. ದುಡ್ಡಿರುವ ಅಪ್ಪ ಅಮ್ಮಂದಿರು ಗೈಡು ಕೊಳ್ಳುತ್ತಾರೆ. ಉಳಿದಿರುವುದು ಸರ್ಕಾರ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ಕೃಪೆಯಿಂದ ನಾವೆಲ್ಲರೂ ಆಸ್ತಿ ತೆರಿಗೆಯ ಜೊತೆಗೆ ನೂರಕ್ಕೆ 6ರಂತೆ ಗ್ರಂಥಾಲಯ ಕರವನ್ನು ಕಟ್ಟುತ್ತೇವೆ; ಅದನ್ನು ವಸೂಲು ಮಾಡಿದ ಸ್ಥಳೀಯ ಸಂಸ್ಥೆಗಳು ಗ್ರಂಥಾಲಯಗಳ ಕಡೆಗೆ ದಾಟಿಸಲು ತೋರಿಸುವ ಸಂಯಮವಂತೂ ಜಗಜ್ಜಾಹೀರು. ಹೀಗೆ ದಾಟಿ ಬಂದ ಹಣದಿಂದ ಸಗಟು ಖರೀದಿ ನಡೆಯುತ್ತದೆ. ಆಯ್ಕೆ ಸಮಿತಿಯಲ್ಲಿ ಹಿರಿಯರಿರುತ್ತಾರೆ, ಅದರಲ್ಲೂ ಸಾಕಷ್ಟು ಹಿರಿಯರು. ಆದ್ದರಿಂದ ಎಂಟು ವರ್ಷದವರಿಗಾಗಿ ಬರೆಯುವ ನಾನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದದ್ದು ಅರವತ್ತೆಂಟು ವರ್ಷದವರನ್ನು.

ಪುಟಕ್ಕೆ ಇಷ್ಟೆಂದು ದರ ಕಟ್ಟುವಲ್ಲಿ ಪುಟ ಹೆಚ್ಚಾದಷ್ಟೂ ಕ್ಷೇಮ. ಹದಿನಾರು ಪುಟದಲ್ಲಿ, ಅದರಲ್ಲೂ ಅರ್ಧ ಚಿತ್ರಗಳಲ್ಲಿ ಮುಗಿಯಬೇಕಾದ ಕತೆ ಹೀಗಾಗಿ ಊದಿಕೊಳ್ಳುತ್ತದೆ. ಬಾಯಾರಿದ ಕಾಗೆಯು ಹೂಜಿಯನ್ನು ಕಾಣುವ ಮೊದಲೇ ನಲವತ್ತು ಪುಟ ಹಾರಬೇಕಾಗುತ್ತದೆ. ಚಿತ್ರಕಾರರಿಗೆ ಸಂಭಾವನೆ ಕೊಡಬೇಕಾಗುವುದರಿಂದ ಚಿತ್ರಗಳು ಕಡಿಮೆಯಾಗುತ್ತವೆ, ಮುನ್ನುಡಿಗಳಿಗೆ ಕೊಡಬೇಕಾಗಿಲ್ಲದ್ದರಿಂದ ಅವು ಹೆಚ್ಚಾಗುತ್ತವೆ. ನಿವೃತ್ತ ಪ್ರಾಧ್ಯಾಪಕರ ಮುನ್ನುಡಿ, ಮಠದಿಂದ ಬಂದ ಆಶೀರ್ವಚನ, ಪ್ರಕಾಶಕರ ಮಾತು, ಲೇಖಕರ ಅರಿಕೆ, ಬೆರಳಚ್ಚು ಮಾಡಿಕೊಟ್ಟವರಿಗೆ ಕೃತಜ್ಞತೆ, ಇಷ್ಟನ್ನೂ ದಾಟಿ ಕತೆ ಆರಂಭವಾಗುವಷ್ಟರಲ್ಲಿ ಮಗುವಿಗೆ ಮೀಸೆ ಚಿಗುರಿರುತ್ತದೆ. ನನ್ನದೇ ಒಂದು ಪುಸ್ತಕದ ಮುನ್ನುಡಿಯಲ್ಲಿ ‘ಬಾಲಮನಸ್ಸಿನ ಅಂತರಂಗದ ಸೂಕ್ಷ್ಮ ಸಂವೇದನೆಗಳ ಅನಾವರಣ’ ಎಂದಿದೆ. ಪುಸ್ತಕ ಒಂದು ಕುರಿಮರಿಯನ್ನು ಕುರಿತದ್ದು.

ಕೊನೆಯಲ್ಲಿ ನೀತಿ ಇರಲೇಬೇಕು. ‘ಆದ್ದರಿಂದ ಮಕ್ಕಳೇ’ ಎಂದು ಆರಂಭವಾಗುವ ಅಂತಿಮ ವಾಕ್ಯವಿಲ್ಲದ ಹಸ್ತಪ್ರತಿಯನ್ನು ನೋಡಿ ಪ್ರಕಾಶಕರು ಒಂದು ಪುಟ ಕಳೆದುಹೋಗಿದೆಯೆಂದು ನನಗೆ ಫೋನು ಮಾಡಿದ್ದುಂಟು. ಪಂಜೆ ಮಂಗೇಶರಾಯರು ನಾಗರಹಾವಿನ ಮೇಲೆ ಬರೆದ ಪದ್ಯದಲ್ಲಿ ಮಗು ಹಾವಿನ ಚೆಲುವನ್ನು ಹೊಗಳಿ, ಕೈಮುಗಿದು, ಹಾಲು ಕೊಡುತ್ತೇನೆಂದು ಹೇಳಿ, ದಯವಿಟ್ಟು ಹೊರಟುಹೋಗೆನ್ನುತ್ತದೆ. ಹೆದರಿಕೆಯೂ ಮೋಹವೂ ಒಟ್ಟಿಗೇ ಇರುವ ಆ ಎರಡು ಗಳಿಗೆಗಳನ್ನು ಬಿಟ್ಟರೆ ಅದರಲ್ಲಿ ಬೋಧನೆಯಿಲ್ಲ. ಇಂದು ಅದನ್ನು ಸಮಿತಿಯ ಮುಂದಿಟ್ಟರೆ ಹಾವಿನಿಂದ ಮಕ್ಕಳು ಕಲಿಯಬೇಕಾದ ಮೌಲ್ಯ ಯಾವುದೆಂಬ ಆಕ್ಷೇಪಣೆಯೊಂದಿಗೆ ಪದ್ಯ ಹಿಂದಿರುಗುವುದು ಖಂಡಿತ. ವಿಚಿತ್ರವೆಂದರೆ ಪಂಜೆಯವರು ವೃತ್ತಿಯಿಂದ ಶಾಲಾ ಇನ್‌ಸ್ಪೆಕ್ಟರರಾಗಿದ್ದವರು, ಎಂದರೆ ಇದೇ ಇಲಾಖೆಯ ಮನುಷ್ಯರು. 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠದಲ್ಲಿ ಕನ್ನಡಿಗರು ಅವರನ್ನು ಕೂರಿಸಿದರು. ಈಚೆಗೆ ನಾನು ಭಾಗವಹಿಸಿದ ಸಮ್ಮೇಳನವೊಂದರಲ್ಲಿ ಮಕ್ಕಳ ಸಾಹಿತ್ಯದ ಗೋಷ್ಠಿಯನ್ನು ಊಟದ ಹೊತ್ತಿಗೆ ಇಟ್ಟಿದ್ದರು. ವೇದಿಕೆಯ ಮೇಲೆ ಏಳು ಮಂದಿ, ಎದುರಿಗೆ ಆರು ಮಂದಿ, ಆ ಆರರಲ್ಲಿ ಇಬ್ಬರು ಮೈಕಿನವರು. ಮಕ್ಕಳು ಒಬ್ಬರೂ ಇರಲಿಲ್ಲ, ಅವರು ಹೋಳಿಗೆಯ ಸಾಲಿನಲ್ಲಿದ್ದರು. ಅವರ ಸಾಹಿತ್ಯಾಭಿರುಚಿಯನ್ನು ನಾನು ಆಗಲೇ ಮೆಚ್ಚಿಕೊಂಡೆ.

ಗೋಷ್ಠಿಗಳಲ್ಲಿ ತಪ್ಪದೆ ಕೇಳಿಬರುವುದೊಂದು ಅಂಕಿ. ಹಳ್ಳಿಯ ಮಕ್ಕಳ ಕಲಿಕೆಯನ್ನು ಅಳೆಯುವ ‘ಅಸರ್’ ಸಮೀಕ್ಷೆಯ 2022ರ ವರದಿಯ ಪ್ರಕಾರ ಗ್ರಾಮೀಣ ಭಾರತದ ಐದನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಪಾಠವನ್ನು ಓದಬಲ್ಲವರು ನೂರಕ್ಕೆ 43ರಷ್ಟು. ಕೊರೊನಾ ಕಾಲದಲ್ಲಿ ಶಾಲೆ ಮುಚ್ಚಿದ್ದುದೂ ಇದಕ್ಕೆ ಒಂದು ಕಾರಣವೆಂಬುದು ನಿಜ. ಆದರೆ ಈ ಅಂಕಿಯನ್ನು ಗದ್ಗದಿತರಾಗಿ ಓದಿ ಹೇಳುವ ಭಾಷಣಕಾರರು ಬಹುಮಟ್ಟಿಗೆ ಬೀರುವಿಗೆ ಬೆನ್ನು ಹಾಕಿಯೇ ನಿಂತಿರುತ್ತಾರೆ. ಮಗು ಅಕ್ಷರವನ್ನು ಕೂಡಿಸಿ ಓದಲು ತಡವರಿಸುವುದು ಅದಕ್ಕೆ ಮುಂದೇನಾಯಿತೆಂದು ತಿಳಿಯುವ ಆತುರ ಇಲ್ಲದಿರುವಾಗ. ಪಾಠದಲ್ಲಿ ಮುಂದೇನಾಗುತ್ತದೆಂಬುದು ಎಲ್ಲರಿಗೂ ಗೊತ್ತಿರುತ್ತದೆ, ಪ್ರಶ್ನೋತ್ತರ ಬರುತ್ತದೆ. ಆ ಆತುರವನ್ನು ಹುಟ್ಟಿಸಬಲ್ಲ ವಸ್ತುವನ್ನು ನುಸಿಗುಳಿಗೆಯ ಜೊತೆಗಿಟ್ಟು, ಓದುವ ಸಾಮರ್ಥ್ಯವನ್ನು ಹೆಚ್ಚಿಸುವ ಬಗೆಗೆ ಶಿಕ್ಷಕರಿಗೆ ಮೂರು ದಿನದ ತರಬೇತಿ ಕೊಡುವುದೆಂದರೆ ಕೆರೆಗೆ ಬೇಲಿ ಹಾಕಿ ಏರಿಯ ಮೇಲೆ ಈಜು ಕಲಿಸಿದ ಹಾಗೆ.

ಈ ಶಿಸ್ತನ್ನು ಕೆಡಿಸುವವರೂ ಇದ್ದಾರೆಂದು ವಿಷಾದದಿಂದ ಹೇಳಬೇಕಾಗಿದೆ. 2020ರ ನವೆಂಬರಿನಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳಲ್ಲಿ 6ರಿಂದ 18 ವರ್ಷದವರಿಗೆ ಉಚಿತ ಸದಸ್ಯತ್ವ ಕೊಡತೊಡಗಿದರು. ಅಂಥದೊಂದು ಗ್ರಂಥಾಲಯಕ್ಕೆ ಹೋಗಿದ್ದೆ. ಬಾಗಿಲಲ್ಲಿ ಪುಟ್ಟ ಪುಟ್ಟ ಚಪ್ಪಲಿಗಳ ರಾಶಿ, ಒಳಗೆ ಚಾಪೆಯ ಮೇಲೆ ಮಕ್ಕಳು ಬೋರಲು ಬಿದ್ದು ಓದುತ್ತಿದ್ದರು; ಪುಸ್ತಕಗಳ ಮೂಲೆಗಳು ನಾಯಿಯ ಕಿವಿಯಂತೆ ಮಡಚಿದ್ದವು, ಒಂದರ ಮೇಲೆ ಮಾವಿನ ಹಣ್ಣಿನ ರಸ ಒಣಗಿತ್ತು, ಇನ್ನೊಂದರಲ್ಲಿ ರಾಜನಿಗೆ ಪೆನ್ಸಿಲಿನಿಂದ ಕನ್ನಡಕ ಹಾಕಿದ್ದರು. ದಾಸ್ತಾನಿನ ದೃಷ್ಟಿಯಿಂದ ನೋಡಿದರೆ ಅದೊಂದು ಸರ್ವನಾಶ.

ಇನ್ನು ಆ ಕೆಂಪು ಶಾಯಿಯ ಸಾಲು. ಕ್ರಮಸಂಖ್ಯೆ 87, ಬೆಲೆ ರೂ. 35, ಷರಾ: ‘ಕಾಣೆಯಾಗಿದೆ, ವಸೂಲು ಮಾಡಿ ಜಮಾ ಮಾಡಿದೆ.’ ಪಕ್ಕದಲ್ಲಿ ಚಲನ್ನಿನ ಪ್ರತಿಯನ್ನು ಅಂಟಿಸಿತ್ತು. ಬಾವಿಗೆ ಬಿದ್ದ ಆನೆಮರಿಯೊಂದರ ಕತೆಯ ಪುಸ್ತಕವಂತೆ. ಪರಿಶೀಲನೆಯ ದಿನ ಬೀರು ತೆರೆದಿಟ್ಟಿದ್ದಾಗ ಯಾವುದೋ ಮಗು ಎತ್ತಿಕೊಂಡು ಹೋಗಿರಬೇಕೆಂದು, ಹಣವನ್ನು ತಾವೇ ಕೈಯಿಂದ ಕಟ್ಟಿದ ಮುಖ್ಯೋಪಾಧ್ಯಾಯರು ನೊಂದು ಹೇಳಿ, ಪುಸ್ತಕಗಳನ್ನು ಜೋಪಾನ ಮಾಡುವ ಬಗೆಗೆ ಭಾಷಣದಲ್ಲಿ ನಾಲ್ಕು ಮಾತು ಸೇರಿಸಬೇಕೆಂದು ಕೇಳಿಕೊಂಡರು. ನಾನು ಒಪ್ಪಿಕೊಂಡೆ.

ಸಭೆಯಲ್ಲಿ ಮಾತಿನ ನಡುವೆ, ಪಾಠದಲ್ಲಿಲ್ಲದ ಒಂದು ಕತೆಯನ್ನು ಯಾರಾದರೂ ಹೇಳುತ್ತೀರಾ ಎಂದು ಕೇಳಿದಾಗ ಬಹಳ ಹೊತ್ತು ಯಾರೂ ಏಳಲಿಲ್ಲ. ಆಮೇಲೆ ಆರನೆಯ ತರಗತಿಯ ಹುಡುಗಿಯೊಬ್ಬಳು ಎದ್ದು, ಕಾಡಂಚಿನ ತೋಟ, ಕಟ್ಟೆಯಿಲ್ಲದ ಬಾವಿ, ನೀರು ಕುಡಿಯಲು ಬಂದು ಜಾರಿದ ಆನೆಮರಿ, ಸುತ್ತಲೂ ನಿಂತು ಘೀಳಿಡುವ ಹಿಂಡು, ಇಷ್ಟನ್ನೂ ಉಸಿರು ಬಿಡದೆ ಹೇಳಿ ತಟ್ಟನೆ ನಿಂತಳು.

“ಆಮೇಲೆ ಏನಾಯ್ತಮ್ಮ?”

“ಆಮೇಲಿನ ಹಾಳೆ ಇಲ್ಲ ಸಾರ್, ಕಿತ್ತುಹೋಗಿದೆ.”

ಅವಳ ಮಾತು ಮುಗಿಯುವುದಕ್ಕಿಲ್ಲ, ಸಾಲಿಗೆ ಸಾಲೇ ಎದ್ದು ನಿಂತಿತು. ಜೇಸಿಬಿ ತರಿಸಿದರು ಎಂದ ಒಬ್ಬ. ಪಂಪು ಹಾಕಿ ಬಾವಿ ತುಂಬಿಸಿದರೆ ಮರಿ ತಾನೇ ತೇಲಿ ಮೇಲೆ ಬರುತ್ತದೆ ಎಂದಳೊಬ್ಬಳು. ಆನೆಗೆ ಈಜು ಬರುತ್ತದೆಯೇ ಎಂಬ ಬಗ್ಗೆ ಹಿಂದಿನ ಸಾಲಿನಲ್ಲಿ ಜಗಳವೇ ಆಯಿತು. ಎರಡನೆಯ ತರಗತಿಯವನಂತೆ ಕಂಡ ಪುಟ್ಟ ಹುಡುಗನೊಬ್ಬ, ಮರಿ ಅಲ್ಲಿಯೇ ಹುಲ್ಲು ತಿಂದು ದೊಡ್ಡದಾಗಿ ಸೊಂಡಿಲನ್ನು ಅಮ್ಮನಿಗೆ ಎಟುಕಿಸಿತೆಂದೂ, ಹುಲ್ಲನ್ನು ದಿನಾ ತಾನೇ ಹಾಕಿದೆನೆಂದೂ ಹೇಳಿದ. ಆ ಒಂದು ಪುಸ್ತಕ ಎಷ್ಟು ಮನೆಗಳನ್ನು ಸುತ್ತಿತ್ತೋ ಲೆಕ್ಕವಿಟ್ಟವರಿಲ್ಲ.

ಪಕ್ಕದಲ್ಲಿದ್ದ ಮುಖ್ಯೋಪಾಧ್ಯಾಯರ ಕಡೆಗೆ ನೋಡಿದೆ. ಕಳವು ಪತ್ತೆಯಾದ ಸಂತೋಷ ಅವರ ಮುಖದಲ್ಲಿರಲಿಲ್ಲ, ಬದಲಿಗೆ ಗಾಢವಾದ ಚಿಂತೆಯಿತ್ತು. “ವಾಪಸು ತಗೊಳ್ಳೋ ಹಾಗೂ ಇಲ್ಲ ಸಾರ್,” ಎಂದು ನನ್ನ ಕಿವಿಯಲ್ಲಿ ಹೇಳಿದರು, “ದುಡ್ಡು ಕಟ್ಟಿ ಆಗಿದೆ. ಈಗ ಬೀರುವಿನಲ್ಲಿ ಒಂದು ಪುಸ್ತಕ ಹೆಚ್ಚು ಬಂದರೆ ಅದಕ್ಕೆ ಬೇರೆ ಆಡಿಟ್ ಆಕ್ಷೇಪಣೆ.” ಹಾಗಾಗಿ 87ನೆಯ ಪುಸ್ತಕ ಸರ್ಕಾರದ ಲೆಕ್ಕದಿಂದ ಶಾಶ್ವತವಾಗಿ ಹೊರಬಿದ್ದು ಮಕ್ಕಳ ಕೈಯಲ್ಲೇ ಉಳಿಯಿತು.

ಸಭೆ ಮುಗಿದ ಮೇಲೆ ಅವರು ಬೀರುವಿಗೆ ಬೀಗ ಹಾಕಿ, ಎರಡು ಸಲ ಜಗ್ಗಿ ನೋಡಿ, ನನ್ನನ್ನು ಬಸ್ಸಿನವರೆಗೆ ಬಿಡಲು ಬಂದರು. ದಾರಿಯುದ್ದಕ್ಕೂ ಮಾತಿರಲಿಲ್ಲ. ಬಸ್ಸು ಕಾಣಿಸಿಕೊಂಡಾಗ ಕೀಲಿಕೈಯ ಗೊಂಚಲನ್ನು ಬೆರಳಿನಲ್ಲಿ ತಿರುಗಿಸುತ್ತ, ಸ್ವಲ್ಪ ಸಂಕೋಚದಿಂದ ಕೇಳಿದರು: “ಬಾವಿಯ ಒಂದು ಮಗ್ಗುಲು ಅಗೆದು ಇಳಿಜಾರು ಮಾಡಿದರೆ ಮರಿ ಹತ್ತಿಬರಬಹುದಲ್ವಾ ಸಾರ್?”