ಬೋಪಣ್ಣನ ಬೇಗುದಿ, ಮಾಸ್ತಿಯವರ ರಾಜೀನಾಮೆ

'ಮಾಸ್ತಿ ಕನ್ನಡದ ಆಸ್ತಿ' ಎಂಬ ಸಾಲನ್ನು ಮಾಲೂರಿನ ಶಾಲೆಯಲ್ಲಿ ಮಗ್ಗಿಯಂತೆ ಒಪ್ಪಿಸುತ್ತಿದ್ದೆವು. ನಮ್ಮದೇ ತಾಲ್ಲೂಕಿನ ಹೊಂಗೇನಹಳ್ಳಿಯಲ್ಲಿ 1891ರಲ್ಲಿ ಹುಟ್ಟಿದವರು ಎಂಬ ಹೆಮ್ಮೆ ಬೇರೆ. ಆ ಆಸ್ತಿಯ ಗಂಟು ಬಿಚ್ಚಿ ನೋಡಿದವರು ಎಷ್ಟು ಜನ? ಪಿಯುಸಿಯಲ್ಲಿ ಅವರ ಕಾದಂಬರಿ 'ಚಿಕವೀರ ರಾಜೇಂದ್ರ' ಓದಿದಾಗ, ಕುಡುಕ ರಾಜನೊಬ್ಬ ಕೊಡಗನ್ನು ಕಳೆದುಕೊಂಡ ಕಥೆ ಎಂದಷ್ಟೇ ತಿಳಿದು ಮುಚ್ಚಿಟ್ಟಿದ್ದೆ.

ಕಳೆದ ವರ್ಷ ಕಚೇರಿಯಲ್ಲಿ ನನಗಿಂತ ಕಿರಿಯರೊಬ್ಬರಿಗೆ ಬಡ್ತಿ ಸಿಕ್ಕಿತು, ನನಗೆ ಸಿಗಲಿಲ್ಲ. ನಿದ್ದೆ ಬಾರದ ರಾತ್ರಿಗಳಲ್ಲಿ ಅದೇ ಕಾದಂಬರಿಯನ್ನು ಮತ್ತೆ ತೆರೆದೆ. ಈ ಸಲ ನನ್ನನ್ನು ಹಿಡಿದು ನಿಲ್ಲಿಸಿದವನು ರಾಜನಲ್ಲ, ಮಂತ್ರಿ ಬೋಪಣ್ಣ. ರಾಜನ ಸಲುಗೆಯಿಂದ ಮೇಲೇರಿದ ಕುಂಟಬಸವ ತನಗೆ ಸಮನಾಗಿ ಮಂತ್ರಿಯೆನಿಸಿಕೊಂಡಾಗ ಒಳಗೊಳಗೇ ಬೇಯುವ ಬೋಪಣ್ಣ. ಕೊನೆಗೆ ಇಂಗ್ಲಿಷರ ಕಡೆಗೆ ಸರಿಯುವಾಗಲೂ ಅವನ ಮನಸ್ಸಿಗೆ ನೆಮ್ಮದಿಯಿಲ್ಲ. ಮಾಸ್ತಿ ಅವನನ್ನು ದ್ರೋಹಿ ಎಂದು ಬಯ್ದು ಕೈತೊಳೆದುಕೊಳ್ಳುವುದಿಲ್ಲ.

ಇಷ್ಟು ಸಹನೆ ಎಲ್ಲಿಂದ ಬಂತು? ಮಾಸ್ತಿ ಮೈಸೂರು ಸಂಸ್ಥಾನದ ಹಿರಿಯ ಅಧಿಕಾರಿಯಾಗಿದ್ದವರು. ತಮಗಿಂತ ಕಿರಿಯರೊಬ್ಬರಿಗೆ ಮಂತ್ರಿಪದವಿ ಹೋದಾಗ ರಾಜೀನಾಮೆ ಕೊಟ್ಟು ಹೊರಬಂದರು. ಕಾದಂಬರಿ ಬಂದದ್ದು ಅದಾದ ಮೇಲೆ, 1956ರಲ್ಲಿ. ಎರಡನ್ನೂ ಜೋಡಿಸುತ್ತಿರುವವನು ನಾನು, ಇದು ನನ್ನ ಓದು. ಆದರೂ ಆಡಳಿತದ ಒಳಗೆ ವರ್ಷಗಟ್ಟಲೆ ಕುಳಿತು, ಅವಮಾನವನ್ನು ನುಂಗಿದ ಕೈಯೇ ಆ ಮಂತ್ರಾಲೋಚನೆಯ ಪುಟಗಳನ್ನು ಬರೆದಿದೆ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಇತಿಹಾಸದ ರಾಜನ ಕಥೆಯೂ 1834ರಲ್ಲಿ ಪದಚ್ಯುತಿಯೊಂದಿಗೆ ಮುಗಿಯುವುದಿಲ್ಲ. ಕಾಶಿಯಲ್ಲಿ ವರ್ಷಗಳನ್ನು ಕಳೆದು, ಈಸ್ಟ್ ಇಂಡಿಯಾ ಕಂಪನಿಯಲ್ಲಿ ಸಿಕ್ಕಿಕೊಂಡ ತನ್ನ ಹಣವನ್ನು ಕೇಳಲು 1852ರಲ್ಲಿ ಮಗಳೊಂದಿಗೆ ಲಂಡನ್ನಿಗೆ ಹೋದ. ಅದೇ ವರ್ಷ ಆ ಹುಡುಗಿಗೆ ಕ್ರೈಸ್ತ ದೀಕ್ಷೆಯಾಯಿತು, ವಿಕ್ಟೋರಿಯಾ ರಾಣಿಯೇ ಧರ್ಮಮಾತೆ. 1859ರಲ್ಲಿ ಅವನು ಅಲ್ಲೇ ತೀರಿಕೊಂಡ. ಇಷ್ಟು ತಿಳಿದ ಮೇಲೆ, ಓದುವಾಗ ನನಗೆ ಸಿಟ್ಟಿಗಿಂತ ಸಂಕಟವೇ ಹೆಚ್ಚಾಯಿತು.

ಇದನ್ನೆಲ್ಲ ನಮ್ಮ ಮೇಷ್ಟ್ರು ತರಗತಿಯಲ್ಲಿ ಹೇಳಲೇಬೇಕು. ಹುಟ್ಟಿದ ವರ್ಷ, ಕಾವ್ಯನಾಮ 'ಶ್ರೀನಿವಾಸ', 1983ರ ಜ್ಞಾನಪೀಠ, ಇವಿಷ್ಟನ್ನು ಬರೆಸಿ ಅಂಕ ಕೊಟ್ಟರೆ ಮಕ್ಕಳಿಗೆ ಮಾಸ್ತಿ ಸಿಗುವುದಿಲ್ಲ. ಮನೆಮಾತು ತಮಿಳು, ಎಂ.ಎ. ಓದಿದ್ದು ಇಂಗ್ಲಿಷ್ ಸಾಹಿತ್ಯ, ಬರೆಯಲು ಆರಿಸಿಕೊಂಡದ್ದು ಕನ್ನಡ. ಇದೊಂದನ್ನು ಹೇಳಿದರೂ ಹತ್ತನೆಯ ತರಗತಿಯ ಹುಡುಗಿ ತಲೆಯೆತ್ತಿ ಕೇಳುತ್ತಾಳೆ.

ನಾನು ರಾಜೀನಾಮೆ ಬರೆಯಲಿಲ್ಲ. ಮನೆಯಲ್ಲಿ ಓದುವ ಮಕ್ಕಳಿದ್ದಾರೆ. ಆದರೆ ಬಡ್ತಿ ಪಡೆದ ಆ ಕಿರಿಯರ ಮೇಜಿನ ಬಳಿಗೆ ಹೋಗಿ, ಮೂರು ತಿಂಗಳ ನಂತರ, ಅಭಿನಂದನೆ ಹೇಳಿ ಬಂದೆ.