ಚರ್ಚೆಯಲ್ಲಿ ಕಂಪ್ಯೂಟರ್ ಗೆದ್ದಿತೆ? ಒಂದು ಸ್ಪಷ್ಟನೆ

‘2019ರಲ್ಲಿ ಐಬಿಎಂ ಕಂಪ್ಯೂಟರ್ ಚರ್ಚೆಯಲ್ಲಿ ಮನುಷ್ಯನನ್ನು ಸೋಲಿಸಿತು, ಇನ್ನು ಯಾರ ಮಾತು ನಿಜ ಎಂದು ಎಐ ಹೇಳಿಬಿಡುತ್ತದೆ’ ಎಂಬ ಸಂದೇಶ ಕಲಬುರಗಿಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಎರಡೂ ತಪ್ಪು.

ಆ ವರ್ಷ ಫೆಬ್ರುವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ‘ಪ್ರಾಜೆಕ್ಟ್ ಡಿಬೇಟರ್’ ಎಂಬ ಆ ಐಬಿಎಂ ಕಂಪ್ಯೂಟರ್ ಎದುರು ಗೆದ್ದವರು ಚರ್ಚಾಪಟು ಹರೀಶ್ ನಟರಾಜನ್. ತೀರ್ಮಾನಿಸಿದ್ದು ಸಭಿಕರ ಮತ. (ಫಲಿತಾಂಶ ಓದುವ ಮೊದಲೇ ಫಾರ್ವರ್ಡ್ ಮಾಡಿದರೋ ಏನೋ.)

ಎರಡನೆಯ ಮಾತು ಇನ್ನೂ ಗೊಂದಲದ್ದು. 1995ರಲ್ಲಿ ಕಂಪ್ಯೂಟರ್ ವಿಜ್ಞಾನಿ ಫಾನ್ ಮಿನ್ ಡುಂಗ್ ಮಂಡಿಸಿದ, ಕಂಪ್ಯೂಟರ್‌ನಿಂದ ವಾದಗಳನ್ನು ತೂಗಿಸುವ ಕ್ಷೇತ್ರಕ್ಕೆ ಬುನಾದಿಯಾದ ಮಾದರಿಯಲ್ಲಿ ಇರುವುದು ಎರಡೇ: ವಾದಗಳು, ಅವುಗಳ ನಡುವಿನ ದಾಳಿಗಳು. ‘ತೊಗರಿ ದರ ಏರುತ್ತದೆ, ಈಗ ಮಾರಬೇಡಿ’ ಅನ್ನುವುದು ಒಂದು ವಾದ. ‘ಆಮದು ತೊಗರಿ ಬರುತ್ತಿದೆ, ದರ ಇಳಿಯುತ್ತದೆ’ ಅನ್ನುವುದು ಅದರ ಮೇಲಿನ ದಾಳಿ. ‘ಹಡಗು ಇನ್ನೂ ಹೊರಟೇ ಇಲ್ಲ’ ಎಂದು ಮತ್ತೊಬ್ಬರು ಎರಡನೆಯದನ್ನು ಹೊಡೆದರೆ ಮೊದಲ ವಾದ ಮತ್ತೆ ಎದ್ದು ನಿಲ್ಲುತ್ತದೆ. ಹಡಗು ನಿಜಕ್ಕೂ ಹೊರಟಿದೆಯೇ ಎಂದು ಮಾದರಿ ನೋಡುವುದೇ ಇಲ್ಲ. ನಾಳೆ ನಾಲ್ಕನೆಯ ವಾದ ಬಂದರೆ ತೀರ್ಪೂ ತಿರುಗಬಹುದು. ಒಂದನ್ನೊಂದು ಹೊಡೆಯುವ ಎರಡೇ ವಾದಗಳಿದ್ದರಂತೂ ಒಪ್ಪಬಹುದಾದ ಉತ್ತರ ಒಂದೇ ಇರಬೇಕೆಂದೇನೂ ಇಲ್ಲ.