ಮಾರ್ಕರ್ ಯಾರ ಕೈಯಲ್ಲಿರಬೇಕು?

ಜರ್ಮನಿಯ ಸಮ್ಮೇಳನಗಳಲ್ಲಿ ನನಗೆ ತುಂಬಾ ಹಿಡಿಸಿದ ಪದ್ಧತಿ ಒಂದಿದೆ. ವೇದಿಕೆಯಲ್ಲಿ ಮಾತು ನಡೆಯುತ್ತಿರುವಾಗಲೇ ಒಬ್ಬರು ಗೋಡೆಗೆ ಅಂಟಿಸಿದ ಉದ್ದನೆಯ ಕಾಗದದ ಮೇಲೆ ಅದನ್ನು ಚಿತ್ರವಾಗಿ ಬರೆಯುತ್ತಾ ಹೋಗುತ್ತಾರೆ. ಹೆಸರು ಗ್ರಾಫಿಕ್ ರೆಕಾರ್ಡಿಂಗ್. 1970ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಕಡೆ ಡೇವಿಡ್ ಸಿಬೆಟ್ ಮುಂತಾದವರು ಬೆಳೆಸಿದ ಕೆಲಸ ಇದು. ಜರ್ಮನಿಯಲ್ಲಿ ಇದನ್ನೇ ವೃತ್ತಿ ಮಾಡಿಕೊಂಡವರಿದ್ದಾರೆ.

ನೋಡಿದರೆ ಚಿತ್ರಕಲೆ ಅನಿಸುತ್ತದೆ. ನಿಜಕ್ಕೂ ಇದು ಕಿವಿಯ ಕೆಲಸ. ಹತ್ತು ವಾಕ್ಯ ಕೇಳಿ ಒಂಬತ್ತನ್ನು ಬಿಡಬೇಕು. ಮೊದಲು ಕಪ್ಪು ಮಾರ್ಕರ್‌ನಲ್ಲಿ ಮುಖ್ಯ ಮಾತು, ಸುತ್ತ ಒಂದು ಚೌಕ, ಇನ್ನೊಂದು ಮಾತಿಗೆ ಒಂದು ಬಾಣ. ಬಣ್ಣ, ನೆರಳು ಎಲ್ಲ ಆಮೇಲೆ. ಮುಂದೆ ಬರುವ ಮಾತಿಗೆ ಜಾಗ ಉಳಿಸಿಕೊಳ್ಳುವುದೇ ಕಷ್ಟ.

ಮಾತಿಗೆ ತಕ್ಕಂತೆ ಅಲ್ಲೇ ಬರೆಯುವವರು ನಮ್ಮಲ್ಲೂ ಇದ್ದರು. 2023ರಲ್ಲಿ ತೀರಿಕೊಂಡ ಬಿ.ಕೆ.ಎಸ್. ವರ್ಮ ಅವರು ಶತಾವಧಾನಿ ಗಣೇಶರ ಪದ್ಯಗಳಿಗೆ ವೇದಿಕೆಯಲ್ಲೇ ಚಿತ್ರ ಬರೆಯುತ್ತಿದ್ದರು. ಅದು ರಸಿಕರಿಗಾಗಿ ಇದ್ದ ಕಲೆ. ನಮ್ಮ ಸಭೆಗಳಲ್ಲಿ ಮಾತ್ರ ಅಂಥದ್ದು ಅಪರೂಪ. ಅಲ್ಲಿ ಈಗಲೂ ನಡಾವಳಿ ಪುಸ್ತಕವೇ. ಮಾತಾಡಿದವರಿಗೆ ತಮ್ಮ ಮಾತು ಅದರಲ್ಲಿ ಹೇಗೆ ದಾಖಲಾಯಿತು ಅಂತ ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಗೋಡೆಯ ಮೇಲಿದ್ದರೆ ಹಾಗಾಗದು. ತಪ್ಪಿದ್ದರೆ ಅಲ್ಲೇ ಎದ್ದು ಹೇಳಬಹುದು, ಅಲ್ವಾ?

ಆದರೆ ಜರ್ಮನಿಯ ಸಮ್ಮೇಳನಗಳಲ್ಲಿ ಹಾಗೆ ಎದ್ದು ಹೇಳುವುದು ಅಪರೂಪ. ಇದೇ ನನ್ನ ತಕರಾರು. ಚಿತ್ರ ಅಷ್ಟು ಚೆಂದವಾಗಿರುವಾಗ ಅದನ್ನು ಮುಟ್ಟಲು ಯಾರಿಗೂ ಮನಸ್ಸು ಬರುವುದಿಲ್ಲ. ಎಲ್ಲರೂ ಫೋನಿನಲ್ಲಿ ಫೋಟೋ ತೆಗೆದುಕೊಳ್ಳುತ್ತಾರೆ, ಹೊರಡುತ್ತಾರೆ.

ಈ ವಿಷಯದಲ್ಲಿ ನಮ್ಮ ಹಳ್ಳಿಗಳೇ ಮುಂದಿದ್ದವು. 1990ರ ಆಸುಪಾಸಿನಲ್ಲಿ ಮೈರಾಡ ಎಂಬ ಗ್ರಾಮಾಭಿವೃದ್ಧಿ ಸಂಸ್ಥೆ ಕರ್ನಾಟಕದ ಹಳ್ಳಿಗಳಲ್ಲಿ ಜನರಿಂದಲೇ ಊರಿನ ನಕ್ಷೆ ಬರೆಸಿತು. ಇಂಥ ನಕ್ಷೆಗೆ ಕಾಗದವೂ ಬೇಕಿಲ್ಲ. ನೆಲವೇ ಹಾಳೆ. ರಂಗೋಲಿ ಪುಡಿ, ಕಲ್ಲು, ಬೀಜ, ಎಲೆ ಇದ್ದರೆ ಸಾಕು. ಓದು ಬಾರದವರೂ ಕೂತು ಹಳ್ಳ ಎಲ್ಲಿ ಹರಿಯುತ್ತದೆ, ಮಣ್ಣು ಎಲ್ಲಿ ಕೊಚ್ಚಿ ಹೋಗುತ್ತದೆ ಅಂತ ತೋರಿಸಬಹುದು. ಒಬ್ಬರು ಎಳೆದ ಗೆರೆಯನ್ನು ಇನ್ನೊಬ್ಬರು ಅಳಿಸಿ ಸರಿಮಾಡಬಹುದು. ನೆಲದ ಮೇಲಿನ ಪುಡಿಯನ್ನು ಕೈಯಿಂದ ಒರೆಸಲು ಯಾರಿಗೂ ಸಂಕೋಚವಿರುವುದಿಲ್ಲ. ಅದರಿಂದಲೇ ಅಲ್ಲಿ ಮಾತು ಜಾಸ್ತಿ ಹೊರಬರುತ್ತದೆ.

ಹಾಗಾಗಿ ಜರ್ಮನಿಯದ್ದನ್ನು ಸುಮ್ನೆ ತಂದು ಬೆಂಗಳೂರಿನ ಹೋಟೆಲುಗಳ ಸಮ್ಮೇಳನಕ್ಕೆ ಅಂಟಿಸುವುದು ನನಗೆ ಬೇಡ. ಗ್ರಾಮಸಭೆಗೆ ಬೇಕು. ಕೆರೆ ಹೂಳು ತೆಗೆಯುವ ಮಾತಿರಲಿ, ರಸ್ತೆಯ ಮಾತಿರಲಿ, ಶಾಲೆಯ ಡ್ರಾಯಿಂಗ್ ಮೇಷ್ಟ್ರೋ ಹೈಸ್ಕೂಲಿನ ಹುಡುಗಿಯೋ ಗೋಡೆಯ ಮೇಲೆ ದೊಡ್ಡದಾಗಿ ಬರೆಯಲಿ. ಚೆಂದ ಇಲ್ಲದಿದ್ದರೂ ನಡೆಯುತ್ತದೆ. ಮಾರ್ಕರ್ ಮಾತ್ರ ಅಲ್ಲೇ ದಾರಕ್ಕೆ ಕಟ್ಟಿರಲಿ, ಬೇಕಾದವರು ಬಂದು ತಿದ್ದಲಿ. ತಿದ್ದಿ ಮುಗಿದ ಮೇಲೆ ಅದರ ಫೋಟೋ ನಡಾವಳಿ ಪುಸ್ತಕಕ್ಕೆ ಅಂಟಲಿ, ಸಹಿ ಆಮೇಲೆ ಬೀಳಲಿ.